ಆಸ್ಪತ್ರೆ ಸ್ಟಾಪಿನ ಕಣ್ಣೀರು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ನನ್ನ ಪರವಾಗಿ ವಾದಿಸಿ ಗೆದ್ದ ವಕೀಲೆ ಮೇಡಂ ಅವರೇ, ಬಸ್ ಚಾಲಕರ ಸಂಘದ ಅಣ್ಣಂದಿರೇ, ಅಕ್ಕಂದಿರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ನನ್ನ ಅಮ್ಮ, ಮತ್ತು ಸಭಿಕರೇ,

ಗೆದ್ದೆವು! ಈ ಮಾತು ಹೇಳಲು ನಿನ್ನೆಯಿಂದ ನಾಲಿಗೆ ತುರಿಸುತ್ತಿತ್ತು. ಬಸ್ಸಿನ ಸ್ಟೀರಿಂಗ್ ಹಿಡಿಯುವ ಕೈಗೆ ಇವತ್ತು ಮೈಕ್ ಕೊಟ್ಟಿದ್ದೀರಿ, ನೋಡಿ.

ನನ್ನ ಸೀಟಿನ ಎದುರು ಕಂಪನಿಯವರು ಒಂದು ಕ್ಯಾಮೆರಾ ಇಟ್ಟರು. ತೂಕಡಿಸಿದರೆ ಎಚ್ಚರಿಸಲಿಕ್ಕೆ ಎಂದರು. ಬೇಡವೆನ್ನಲು ನನಗೇನು ಹುಚ್ಚೇ? ಆದರೆ ಅದು ಅಷ್ಟಕ್ಕೇ ಸುಮ್ಮನಿತ್ತೇ? ಅದರೊಳಗಿನ ಯಂತ್ರ ನನ್ನ ಮುಖ ನೋಡಿ ನನ್ನ ಸ್ವಭಾವವನ್ನೇ ಕಂಪನಿಗೆ ಬರೆದು ಕಳಿಸಿತು: 'ಮನಸ್ಸು ಸ್ಥಿರವಿಲ್ಲ, ನಂಬುವಂತಿಲ್ಲ.' ನಮ್ಮ ಸಂಘದ ಹಿರಿಯಣ್ಣ, "ಕಪ್ಪು ಕನ್ನಡಕ ಹಾಕ್ಕೊಳ್ಳಮ್ಮ, ಅದಕ್ಕೇನ್ ಕಾಣುತ್ತೆ?" ಎಂದರು. ಹಾಕಿಕೊಂಡೆ. ಯಂತ್ರ ಮತ್ತೆ ಬರೆಯಿತು: 'ಏನನ್ನೋ ಮುಚ್ಚಿಡುತ್ತಿದ್ದಾರೆ.' ಅದು ಬರೆದದ್ದರಲ್ಲಿ ಅದೊಂದೇ ನಿಜ! ನಗಬೇಡಿ ಅಣ್ಣ, ಅಷ್ಟಕ್ಕೇ ನನ್ನನ್ನು ಬಸ್ಸಿನಿಂದ ಇಳಿಸಿದರು.

ಯಾಕೆ ಎಂದು ಕೇಳಿದರೆ ಮ್ಯಾನೇಜರು, "ನಂಗೇನ್ ಗೊತ್ತಮ್ಮ, ಯಂತ್ರ ಹೇಳ್ತು" ಎಂದರು. ನ್ಯಾಯಾಲಯದಲ್ಲೂ ಅದೇ ಉತ್ತರ. ನ್ಯಾಯಾಧೀಶರು, "ಯಾರಿಗೂ ಗೊತ್ತಿಲ್ಲದ ಕಾರಣಕ್ಕೆ ಒಬ್ಬರ ಕೆಲಸ ಕಿತ್ಕೊಳ್ತೀರಾ?" ಎಂದು ಕೇಳಿದರು. ಆಹಾ! ತೀರ್ಪಿನ ಪ್ರಕಾರ ಇನ್ನು ಮುಂದೆ ಕ್ಯಾಮೆರಾ ನಿದ್ದೆಯನ್ನಷ್ಟೇ ನೋಡಬೇಕು. ನಮ್ಮ ಮನಸ್ಸು, ಕಾಯಿಲೆ, ಮನೆಯ ಸಂಗತಿ, ಯಾವುದನ್ನೂ ಊಹಿಸುವಂತಿಲ್ಲ. ಕೆಲಸದಿಂದ ತೆಗೆಯುವ ಮೊದಲು ಒಬ್ಬ ಮನುಷ್ಯ ನಮ್ಮೆದುರು ಕುಳಿತು ಕಾರಣ ಹೇಳಬೇಕು, ನಮ್ಮ ಮಾತು ಕೇಳಬೇಕು. ಕಾನೂನು ಎಂದರೆ ಇದಲ್ಲವೇ?

ಮುಚ್ಚಿಟ್ಟದ್ದೇನು ಎಂದು ನೀವು ಯಾರೂ ಕೇಳಲಿಲ್ಲ. ವಕೀಲೆ ಮೇಡಂ ಕೂಡ, "ಹೇಳ್ಲೇಬೇಕು ಅಂತೇನಿಲ್ಲ, ಅದಕ್ಕೇ ಅಲ್ವಾ ಈ ಕೇಸು" ಎಂದಿದ್ದರು. ನನ್ನ ತಂಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಪಾಳಿ ಮುಗಿಸಿ ನನ್ನ ಬಸ್ಸನ್ನೇ ಹತ್ತಿ, "ಅಕ್ಕಾ, ಮೆಲ್ಲಗೆ ಓಡ್ಸೇ, ಒಂಚೂರು ನಿದ್ದೆ ಮಾಡ್ತೀನಿ" ಎನ್ನುತ್ತಿದ್ದಳು. ಅವಳು ತೀರಿಕೊಂಡ ಮೇಲೂ ಆ ಆಸ್ಪತ್ರೆ ಸ್ಟಾಪಿನಲ್ಲಿ ಬಾಗಿಲು ತೆರೆದು ಒಂದು ಗಳಿಗೆ ಹೆಚ್ಚು ಕಾಯುತ್ತಿದ್ದೆ. ಕಣ್ಣು ತುಂಬುತ್ತಿತ್ತು. ಒರೆಸಿಕೊಂಡು ಗೇರ್ ಹಾಕುತ್ತಿದ್ದೆ. ಯಂತ್ರ ಕಂಡದ್ದು ಅದನ್ನೇ.

ಅಮ್ಮಾ, ಮನೆಯಲ್ಲಿ ನಾನು ಅತ್ತದ್ದನ್ನು ನೀನು ನೋಡಿಲ್ಲ. "ಕಲ್ಲು ಮನಸ್ಸು ಕಣೇ ನಿಂದು" ಎಂದು ಬೈದಿದ್ದೆಯಲ್ಲ? ನಿನಗಿಂತ ಮೊದಲು ಕಂಪನಿಯ ಕ್ಯಾಮೆರಾ ನನ್ನ ಕಣ್ಣೀರು ನೋಡಿತು, ಅದೇ ನನ್ನ ಸಿಟ್ಟು. ಇವತ್ತು ನಾನಾಗಿಯೇ ಹೇಳಿದ್ದೇನೆ, ನಿನಗೆ ಹೇಳಿದ್ದೇನೆ.

ನಾಳೆ ಬೆಳಿಗ್ಗೆ ಮತ್ತೆ ನನ್ನ ಬಸ್ಸು ನನಗೆ. ಬಾ ಅಮ್ಮಾ, ಮುಂದಿನ ಸೀಟಿನಲ್ಲೇ ಕೂತುಕೋ. ಆಸ್ಪತ್ರೆ ಸ್ಟಾಪಿನಲ್ಲಿ ಇಬ್ಬರೂ ಒಂದು ಗಳಿಗೆ ಕಾಯೋಣ.

ನನ್ನ ಜೊತೆ ನಿಂತ ನಿಮಗೆಲ್ಲ ನಾನು ಋಣಿ. ನಮಸ್ಕಾರ.