ಬೀಡಿ ಸೇದದ ಉಗ್ರಪ್ಪ

ಇದು ನಮ್ಮ ಚಿಕ್ಕಪ್ಪನ ಮಗ ಹೊನ್ನೇಶನಿಗೆ ಆಗಿದ್ದು. ನಗೋರು ಈಗ್ಲೇ ನಕ್ಕು ಮುಗಿಸ್ಬಿಡಿ… ಆಮೇಲೆ ನಗೋಕಾಗಲ್ಲ.

ಕೆಮ್ಮಣ್ಣುಗುಂಡಿ ಕಡೆ ಬರೋ ಪ್ರವಾಸಿಗಳನ್ನ ಜೀಪಲ್ಲಿ ಗುಡ್ಡ ಹತ್ತಿಸೋದು ಹೊನ್ನೇಶನ ಕಸುಬು. ಅವತ್ತು ಜೀಪು ಬೀರೂರಿನ ಗ್ಯಾರೇಜಲ್ಲಿತ್ತು. ತರೀಕೆರೆಯಿಂದ ಕಡೇ ಬಸ್ಸು ಹಿಡಿದು, ಊರ ಗೇಟಲ್ಲಿ ಇಳಿದು, ಒಬ್ನೇ ನಡ್ಕೊಂಡ್ ಬತ್ತಿದ್ದ. ಗಾಳಿ ಬೀಸ್ತಿತ್ತು. ಸುಟ್ಟ ಹುಲ್ಲಿನ ವಾಸನೆ ಇನ್ನೂ ಹೋಗಿರ್ಲಿಲ್ಲ.

ಗುಡ್ಡ ಉರಿದು ತಿಂಗಳೂ ಆಗಿರ್ಲಿಲ್ಲ ಅಷ್ಟೊತ್ತಿಗೆ. ಬೆಂಕಿ ಹೆಂಗ್ ಬಿತ್ತು ಅಂದ್ರೆ ಒಬ್ಬ ಬಿಸಿಲು ಅಂದ. ಇನ್ನೊಬ್ಬ ಬಿದಿರಿಗೆ ಬಿದಿರು ತಿಕ್ಕಿ ಹತ್ಕೊಂತು ಅಂದ. ಆ ಗುಡ್ಡದ ಮೇಲೆ ಹುಲ್ಲು ಬಿಟ್ರೆ ಒಂದೂ ಬಿದಿರಿಲ್ಲ, ಆ ಮಾತು ಬೇರೆ. ಯಾರೋ ದೊಡ್ಡೋರು ಕಾರಲ್ಲಿ ಬಂದು, ಹವಾಮಾನ ಕೆಟ್ಟೋಗಿದೆ ಅಂತ ಹೇಳಿ, ಎಳನೀರು ಕುಡಿದು ಹೋದ್ರು.

ನಿಜ ಏನಂದ್ರೆ, ಹೊನ್ನೇಶನ ಗಿರಾಕಿಗಳು ಗುಡ್ಡದ ನೆತ್ತಿ ಮೇಲೆ ಕೋಳಿ ಸುಡ್ಬೇಕು ಅಂದ್ರು. ಬೇಡ ಅನ್ಬೇಕಾದೋನು ಇವನೇ ಕಲ್ಲಿಟ್ಟು ಒಲೆ ಮಾಡ್ಕೊಟ್ಟ. ಹೊರಡುವಾಗ ಕೆಂಡಕ್ಕೆ ನೀರು ಹಾಕ್ಲಿಲ್ಲ. ಕ್ಯಾನಲ್ಲಿದ್ದ ನೀರು ರೇಡಿಯೇಟರ್‌ಗೆ ಬೇಕಲ್ಲ! ಉಳಿದಿದ್ದ ಬಿಯರ್ ಸುರಿದ. ಅದೂ ಅರ್ಧ… ಮಿಕ್ಕಿದ್ದು ಅವನೇ ಕುಡಿದ. ಗಿರಾಕಿಗಳು ಮನೆ ಸೇರಿ ಫೋನಲ್ಲಿ ಬರೆದ್ರು, ವ್ಯೂ ಸೂಪರ್, ಹೊಗೆ ಸ್ವಲ್ಪ ಜಾಸ್ತಿ ಅಂತ.

ಆ ಬೆಂಕಿ ಆರಿಸೋಕೆ ಹೋಗಿ ಸತ್ತೋನು ಉಗ್ರಪ್ಪ. ಅದೇ ಊರೋನು. ಬೇಸಿಗೇಲಿ ದಿನಗೂಲಿಗೆ ಕಾಡು ಕಾಯ್ತಿದ್ದ. ವಿಚಾರಣೆಗೆ ಬಂದ ಫಾರೆಸ್ಟ್ ಸಾಹೇಬ್ರ ಮುಂದೆ ಹೊನ್ನೇಶ ಹೇಳ್ಬಿಟ್ಟ: "ಉಗ್ರಪ್ಪಣ್ಣ ಬೀಡಿ ಸೇದಿ ಎಸ್ದಿದ್ದು ನಾನೇ ಕಣ್ಣಾರೆ ನೋಡ್ದೆ ಸಾರ್."

ಎಲ್ರಿಗೂ ಎಷ್ಟು ನಿರಾಳ! ಸತ್ತೋನು ಜಗಳಕ್ಕೆ ಬರಲ್ಲ ನೋಡಿ. ಉಗ್ರಪ್ಪ ಜನ್ಮದಲ್ಲಿ ಬೀಡಿ ಮುಟ್ಟಿದೋನಲ್ಲ ಅಂತ ಊರಿಗೆಲ್ಲ ಗೊತ್ತು. ಊರು ಬಾಯಿ ಮುಚ್ಕೊಂಡು ಕೂತಿತ್ತು. ಅವನ ಹೆಂಡ್ತಿ ದ್ಯಾವಮ್ಮ ನಲ್ಲಿ ಹತ್ರ ಬಂದ್ರೆ, ಗುಡ್ಡ ಸುಟ್ಟೋನ ಹೆಂಡ್ತಿ ಅಂತ ಕೊಡ ಎತ್ಕೊಂಡು ಸರಿದು ನಿಲ್ಲೋರು.

ಹೊನ್ನೇಶ ಹಾಳುಬಾವಿ ಹತ್ರ ಬಂದ.

ಸಪ್… ಸಪ್… ಸಪ್…

ಹಸಿ ಸೊಪ್ಪನ್ನ ನೆಲಕ್ಕೆ ಬಡಿಯೋ ಸದ್ದು. ಹುಲ್ಲಿಗೆ ಬಿದ್ದ ಬೆಂಕೀನ ಹಂಗೇ ಬಡ್ದು ಆರಿಸೋದು. ಇಲ್ಲಿ ಬೆಂಕಿ ಎಲ್ಲೈತೆ? ನಿಂತ. ಸದ್ದೂ ನಿಲ್ತು. ಹೆಜ್ಜೆ ಇಟ್ಟ…

ಸಪ್.

ಬಾವಿ ಕಟ್ಟೆ ಮೇಲೆ ಯಾರೋ ಕೂತಿದ್ರು.

"ಹೊನ್ನೇಶಾ… ಬೀಡಿ ಐತೇನೋ?"

ಪಿಸುಮಾತು. ಉಗ್ರಪ್ಪನ ದನಿ. ಹೊನ್ನೇಶನಿಗೆ ಓಡ್ಬೇಕು ಅನ್ನಿಸ್ತು. ಅಂಥ ಹೊತ್ತಲ್ಲೂ ಈ ಪೆದ್ದನ ಬಾಯಲ್ಲಿ ಬಂದಿದ್ದು ಇದು: "ನೀ… ನೀನು ಸೇದಲ್ವಲ್ಲಣ್ಣ…"

"ಸೇದ್ತೀನಂತಲ್ಲ. ನೀನೇ ಹೇಳಿದ್ಯಂತೆ. ಅಲ್ಲಿ ಎಲ್ರೂ 'ಒಂದ್ ಬೀಡಿ ಕೊಡಪ್ಪಾ' ಅಂತಾರೆ… ಇಲ್ಲ ಅನ್ನೋಕೆ ನಾಚಿಕೆ ಆಯ್ತದೆ. ಕೊಡು, ಕಲೀತೀನಿ."

ಹೊನ್ನೇಶ ಕೊಟ್ಟ. ಕಟ್ಟೆ ಮೇಲಿದ್ದದ್ದು ಬೀಡೀನ ಉಲ್ಟಾ ಕಚ್ಕೊಂತು. ಹೊನ್ನೇಶನೇ ಕಡ್ಡಿ ಗೀರಿದ… ಚರ್ರ್. ಬೆಳಕಲ್ಲಿ ಮುಖ ಕಾಣ್ಲಿಲ್ಲ. ಕೈ ಮಾತ್ರ ಕಾಣ್ತು. ಒಲೇಲಿ ಅರ್ಧ ಉರಿದ ಸೌದೆ ಹಂಗಿತ್ತು.

ಖೊಳ್… ಖೊಳ್… ಕೆಮ್ಮು ಬಾವಿ ತಳದಿಂದ ಬಂದಂಗಾಯ್ತು.

"ಥೂ! ಇದನ್ನ ಇಷ್ಟಪಟ್ಟು ಸೇದ್ತೀರೇನ್ರೋ? … ಆಯ್ತು. ಆಮೇಲೆ ಎಸೀಬೇಕಲ್ವಾ? ಎತ್ಲಾಗ್ ಎಸ್ದೆ ನಾನು? ನೀನು ನೋಡ್ದೋನು… ಹೇಳು."

ಹೊನ್ನೇಶ ತಿರುಗಿ ನೋಡ್ದ. ಬಾವಿ ಆಚೆಗೆ ಒಣಹುಲ್ಲು. ಹುಲ್ಲಿನ ಆಚೆಗೆ ಅವನ ಮನೆ, ಪಕ್ಕದಲ್ಲೇ ಬಣವೆ. ಒಳಗೆ ಹೆಂಡ್ತಿ ಯಶೋಧರಾ, ಕೂಸು. ಗಾಳಿ ಅತ್ಲಾಗೇ ಬೀಸ್ತಿತ್ತು.

"ಅತ್ಲಾಗಾ?" ಕೈ ಮೇಲಕ್ಕೆದ್ತು.

"ಎಸೀಬೇಡಣ್ಣಾ! ನೀನು ಎಸ್ದಿಲ್ಲ!"

"ಮತ್ತೆ ಬೆಂಕಿ ಹಾಕಿದ್ಯಾರು?"

"…ನಾನು. ಕೆಂಡ ಆರಿಸ್ದೆ ಬಂದ್ಬಿಟ್ಟೆ."

"ಜೋರಾಗಿ ಹೇಳೋ… ಕಿವಿ ಸುಟ್ಟೋಗೈತೆ."

ಹೊನ್ನೇಶ ಎಂಥ ಅರಚು ಅರಚ್ದ ಅಂತೀರಿ! "ಗುಡ್ಡ ಸುಟ್ಟಿದ್ದು ನಾನು ಕಣ್ರಪ್ಪೋ! ಉಗ್ರಪ್ಪಣ್ಣ ಅಲ್ಲ! ನಾನು!" ಊರಿನ ನಾಯಿಗಳೆಲ್ಲ ಎದ್ವು. ಲೈಟು ಹತ್ತಿದ್ವು. ಟಾರ್ಚು ಹಿಡ್ಕೊಂಡು ಜನ ಬಂದ್ರು. ಕಟ್ಟೆ ಮೇಲೆ ಯಾರೂ ಇರ್ಲಿಲ್ಲ.

ಊರಿನ ಯಜಮಾನ ಓಬಳಪ್ಪ ಆಕಳಿಸ್ದ. "ಕುಡಿದವ್ನೆ, ಎತ್ಕೊಂಡೋಗಿ ಮಲಗ್ಸಿ. ಸತ್ತೋನ ತಲೆ ಮೇಲೆ ಹೋಗಿರೋದು… ಯಾಕ್ಲಾ ಇಳಿಸ್ಕೊಂತೀಯ?"

ದ್ಯಾವಮ್ಮ ಜನದ ಮಧ್ಯದಿಂದ ಮುಂದಕ್ಕೆ ಬಂದ್ಲು. ಮೆತ್ತಗೆ ಕೇಳಿದ್ಲು: "ಹೊನ್ನೇಶಾ, ಇದೇ ಮಾತು ಬೆಳಗ್ಗೆ ಸಾಹೇಬ್ರ ಮುಂದೆ ಹೇಳ್ತೀಯಾ?"

"ಹೇಳ್ತೀನಕ್ಕ. ಇಲ್ಲಾಂದ್ರೆ… ಅಣ್ಣ ಸೇದೋದು ಕಲ್ತುಬಿಡ್ತಾನೆ."

ಮನೆಗೂ ಹೋಗ್ಲಿಲ್ಲ ಅವನು. ದ್ಯಾವಮ್ಮನ ಜಗಲಿ ಮೇಲೇ ಕೂತು ಬೆಳಗು ಮಾಡಿ, ಮೊದಲ ಬಸ್ಸಿಗೆ ಅವಳ ಜೊತೆ ಫಾರೆಸ್ಟ್ ಆಫೀಸಿಗೆ ಹೋದ. ಹೇಳ್ದ. ಸಾಹೇಬ್ರಿಗೆ ಬಲೇ ಬೇಜಾರು, ಮುಗ್ಸಿಟ್ಟ ಕೆಲಸ ತಿರ್ಗಾ ಮಾಡ್ಬೇಕಲ್ಲ ಅಂತ. ಆದ್ರೂ ದ್ಯಾವಮ್ಮ ಎದುರಿಗೆ ಕೂತಿದ್ಲಲ್ಲ, ಎದ್ದೇಳ್ಲಿಲ್ಲ… ಬರ್ಕೊಂಡ್ರು. ಹೊನ್ನೇಶನ ಮೇಲೆ ಕೇಸಾಯ್ತು. ಉಗ್ರಪ್ಪನ ಹೆಸರು ಕೈಬಿಟ್ರು. ಓಬಳಪ್ಪ, "ಬೀಡಿ ಅಂದಾಗ್ಲೇ ನಂಗೆ ಅನುಮಾನ ಇತ್ತು" ಅಂದ.

ಸಂಜೆ ಹೊನ್ನೇಶ ಮನೆಗೆ ಬಂದ. ಬಂದೋನು ಅಂಗಳದಲ್ಲೇ ನಿಂತ್ಕೊಂಡ. ಮನೆ, ಬಣವೆ ಎರಡ್ರ ಸುತ್ತ ಒಂದಾಳಗಲ ಹುಲ್ಲೆಲ್ಲ ಕೆರ್ದು, ಕೆಂಪು ಮಣ್ಣು ಕಾಣಂಗೆ ಗುಡಿಸಿಟ್ಟೈತೆ. ಬೆಂಕಿ ದಾಟ್ಬಾರ್ದು ಅಂತ ಬೇಸಿಗೆಗೆ ಮುಂಚೆ ಗುಡ್ಡದ ಮೇಲೆ ಹಂಗೇ ಕೆರೀತಾರೆ. ಕೆರೀಬೇಕು. ಈ ಸಲ ಕಂಟ್ರಾಕ್ಟರು ಕೆರೆದಿದ್ದು ಬಿಲ್ಲಿನ ಮೇಲೆ ಮಾತ್ರ.

"ಯಾರೇ ಮಾಡಿದ್ದು ಇದನ್ನ?"

ಯಶೋಧರಾ ಅಂದ್ಲು: "ಬೆಳಗ್ಗೆ ನಾ ಏಳುವಾಗ್ಲೇ ಹಿಂಗಿತ್ತು ಕಣ್ರೀ. ನೀವೇ ಆಳು ಕಳ್ಸಿದ್ರಿ ಅನ್ಕೊಂಡೆ."

ಸುಳ್ಳಲ್ಲ. ಮೊನ್ನೆ ನಾನೇ ಹೋಗಿ ನೋಡ್ಕೊಂಡ್ ಬಂದೆ. ಮಳೆಗಾಲ ಕಳೀತು. ಎಲ್ಲಾ ಕಡೆ ಹುಲ್ಲು ಮಂಡಿಯುದ್ದ ಎದ್ದೈತೆ… ಆ ಪಟ್ಟೀಲಿ ಮಾತ್ರ ಒಂದು ಗರಿಕೆ ಹುಟ್ಟಿಲ್ಲ.