ಚಪ್ಪರದ ಅಡಾಪ್ಟರು

ಪಾಂಡವಪುರದ ಎಲೆಕ್ಟ್ರಿಕಲ್ ಅಂಗಡಿ, ಸಂಜೆ. ನನ್ನ ಮುಂದಿದ್ದ ಅಕ್ಕ-ತಮ್ಮ ಇಬ್ಬರು, ಮನೆಯ ಮದುವೆ ಚಪ್ಪರದ ಎಲ್‌ಇಡಿ ಪಟ್ಟಿಗೆ ಅಡಾಪ್ಟರು ಆರಿಸುತ್ತಿದ್ದರು.

“ಈ ಐದು ಆಂಪ್ಸಿಂದೇ ಬೇಕು ಕಣ್ಲಾ ತಿಮ್ಮ. ನೀನು ತಂದಿದ್ದು?”

“ಎರಡು ಆಂಪ್ಸಿಂದು. ಅದೂ ಹನ್ನೆರಡು ವೋಲ್ಟೇ ಅಲ್ವಾ ಅಕ್ಕ, ಚೆನ್ನಾಗೇ ಉರೀತು.”

“ಅಷ್ಟುದ್ದ ಪಟ್ಟಿಗೆ ಎರಡು ಆಂಪ್ಸು ಎಲ್ಲಿ ಸಾಲ್ತದೆ? ಬಿಸಿ ಆಗ್ಲಿಲ್ವಾ?”

“ಮುಟ್ಟಾಕಾಗ್ತಿರ್ಲಿಲ್ಲ. ಅದಕ್ಕೇ ಬಂದಿದ್ದು.”

“ಅದೀಗ ಎಲ್ಲೈತೆ?”

“ಕಾಣಬಾರ್ದು ಅಂತ ತೆಂಗಿನ ಗರಿ ಒಳಕ್ಕೆ ಸಿಗ್ಸಿವ್ನಿ.”

“ಆ ಒಣಗಿರೋ ಗರಿಗಾ? ಸ್ವಿಚ್ಚು ಆರ್ಸಿದ್ದೀಯಾ?”

ತಮ್ಮ ಜೇಬಿನ ಫೋನಿಗೆ ಕೈ ಹಾಕಿದ.

“ಲೇ, ಮನೇಲಿ ಯಾರವ್ರೆ?”

“ಎಲ್ರೂ ದೇವಸ್ಥಾನಕ್ಕೆ ಹೋದ್ರು. ಮದುವೆ ಹೆಣ್ಣು ಅರ್ಪಿತ ಒಬ್ಳೇ, ಚಪ್ಪರದಲ್ಲಿ ಮಲಗವ್ಳೆ.”

“ಫೋನ್ ಮಾಡ್ಲಾ!”

“ಮಾಡ್ತಾವ್ನಿ. ಎತ್ತುತಿಲ್ಲ ಅಕ್ಕ. ಎರಡು ಕೈಗೂ ಮದರಂಗಿ ಹಾಕ್ಕೊಂಡವ್ಳೆ.”

ಬೈಕು ಹೊರಟ ಸದ್ದು ಕೇಳಿತು. ಹೊಸ ಅಡಾಪ್ಟರು ಅಂಗಡಿಯ ಗಾಜಿನ ಮೇಲೇ ಉಳಿದಿತ್ತು.