ಓದಿದ ಬಾಯಿ ನನ್ನದು

ಸೇರಿರುವ ಹಿರಿಯರಿಗೆ, ಕಿರಿಯರಿಗೆ, ಸದನದ ನನ್ನ ಜೊತೆಗಾರರಿಗೆ, ಮುಂದಿನ ಸಾಲಿನಲ್ಲಿ ಕೂತಿರುವ, ನಮ್ಮನ್ನು ಅಗಲಿದ ಮಾಜಿ ಪ್ರಧಾನಿಗಳ ಮನೆಯವರಿಗೆ — ನಮಸ್ಕಾರ. ತಂಗೀ, ನೀನು ಮೊನ್ನೆ ಫೋನು ಮಾಡಿ, "ಅಕ್ಕಾ, ನೀವು ಬಂದು ನಾಲ್ಕು ಮಾತಾಡ್ಬೇಕು. ಬೈದ್ರೂ ಪರವಾಗಿಲ್ಲ, ನಮ್ಮ ಯಜಮಾನ್ರಿಗೆ ಅಭ್ಯಾಸ ಇತ್ತು" ಅಂದೆ. ಬಂದಿದ್ದೇನೆ. ಉಳಿದವರು ದಯವಿಟ್ಟು ಫೋನುಗಳನ್ನು ಆರಿಸಿ. ಹೇಳಿದ ಮೇಲೂ ಯಾರದಾದರೂ ಹೊಡೆದುಕೊಂಡರೆ ನಾನು ಮಾತು ನಿಲ್ಲಿಸಿ ಅವರನ್ನೇ ನೋಡುತ್ತೇನೆ. ಆಮೇಲೆ ಬೇಸರ ಮಾಡಿಕೊಳ್ಳಬಾರದು.

ನಾನು ಅವರ ಪಕ್ಷದವಳಲ್ಲ. ಅವರು ಪ್ರಧಾನಿಯಾಗಿ ಆ ಕಡೆ, ನಾನು ವಿರೋಧ ಪಕ್ಷದ ಸಾಲಿನಲ್ಲಿ ಈ ಕಡೆ, ನಡುವೆ ಒಂದು ಮೇಜು. ಆ ಮೇಜಿನ ಮೇಲೆ ಹಾದುಹೋದ ಮಾತುಗಳು ಕಲ್ಲಾಗಿದ್ದರೆ ಇಬ್ಬರಿಗೂ ತಲೆ ಉಳಿಯುತ್ತಿರಲಿಲ್ಲ. ಆದರೂ ಹೇಳುತ್ತೇನೆ — ಆ ಕಡೆ ಕೂತವರಲ್ಲಿ ನನ್ನ ಪ್ರಶ್ನೆಯನ್ನು ಕೊನೆಯವರೆಗೆ ಕೇಳುತ್ತಿದ್ದವರು ಅವರೊಬ್ಬರೇ. ಉಳಿದವರು ನಾನು ಎದ್ದ ಕೂಡಲೇ ಪಕ್ಕದವರ ಕಿವಿ ಹುಡುಕುತ್ತಿದ್ದರು. ನಗಬೇಡಿ. ಅವರಲ್ಲಿ ಕೆಲವರು ಇಲ್ಲೇ ಇದ್ದಾರೆ.

ಹಿರಿಯರ ಪಾಲನೆ ನನ್ನ ಖಾಯಂ ಪ್ರಶ್ನೆ. ವೃದ್ಧಾಶ್ರಮದ ಹಾಸಿಗೆ ಯಾಕೆ ಒದ್ದೆ? ಅಷ್ಟು ಜನಕ್ಕೆ ದಾದಿ ಯಾಕೆ ಒಬ್ಬಳೇ? ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಂಬಿ ಯಾಕಿಲ್ಲ? ಅವರದೂ ಖಾಯಂ ಉತ್ತರ — "ನೋಡೋಣ." ಕೇಳಿ ಕೇಳಿ ಸಾಕಾಗಿ "ನೋಡೋಣಪ್ಪ" ಅಂತ ಹೆಸರಿಟ್ಟೆ. ಸದನಕ್ಕೆಲ್ಲ ಹಬ್ಬಿತು. ಒಂದು ದಿನ ಮೊಗಸಾಲೆಯಲ್ಲಿ ಎದುರಾದರು.

"ಏನಕ್ಕಾ, ನನಗೆ ನಾಮಕರಣ ಮಾಡಿದ್ದೀರಂತೆ?"

"ಮಾಡಿದ್ದೀನಿ. ತೊಟ್ಟಿಲಿಗೆ ಹಾಕೋದೊಂದು ಬಾಕಿ."

"ನೋಡೋಣ" ಅಂದು ನಗುತ್ತಾ ಹೋದರು. ಮುಂದಿನ ಸಲ ನಾನು ಆಶ್ರಮಕ್ಕೆ ಹೋದಾಗ ಬಚ್ಚಲಿಗೆ ಕಂಬಿ ಬಂದಿತ್ತು. ಯಾವ ಪತ್ರಿಕೆಯಲ್ಲೂ ಆ ಕಂಬಿಯ ಫೋಟೋ ಬರಲಿಲ್ಲ. ಅದೂ ಅವರ ರೀತಿ.

ಇನ್ನೊಂದು ರೀತಿ ಇತ್ತು. ಮಕ್ಕಳು ಮೊಮ್ಮಕ್ಕಳನ್ನು ಸಾಕಿದವಳು ನಾನು, ನನ್ನ ಕಣ್ಣು ತಪ್ಪಿಸಲು ಆಗುವುದಿಲ್ಲ. ಅಧಿಕಾರಿಗಳು ಬರೆದುಕೊಟ್ಟ ಉತ್ತರ ಅವರ ಮನಸ್ಸಿಗೇ ಒಪ್ಪದಿದ್ದರೆ, ಮಗು ಮೂಗು ಹಿಡಿದುಕೊಂಡು ಔಷಧ ಕುಡಿಯುತ್ತದಲ್ಲ — ಹಾಗೆ, ಒಂದೇ ಉಸಿರಿಗೆ ಓದಿ ದಪ್ಪೆಂದು ಕೂತುಬಿಡುತ್ತಿದ್ದರು.

ಬಸ್ ನಿಲ್ದಾಣದ ಬಾಂಬು ನಿಮಗೆಲ್ಲ ನೆನಪಿದೆ. ಅದನ್ನು ನಾನು ವರ್ಣಿಸುವುದಿಲ್ಲ. ತಮ್ಮವರನ್ನು ಕಳೆದುಕೊಂಡವರು ಈ ಸಭೆಯಲ್ಲೂ ಇದ್ದಾರೆ. ಕೆಲವು ದಿನಗಳಲ್ಲೇ ಪೊಲೀಸರು ಒಬ್ಬ ಕ್ಷೌರಿಕರನ್ನು ಹಿಡಿದರು. ಆ ಬೆಳಿಗ್ಗೆ ಚೀಲ ಹಿಡಿದು ನಿಲ್ದಾಣದಲ್ಲಿ ಇಳಿದದ್ದನ್ನು ಯಾರೋ ಕಂಡಿದ್ದರಂತೆ. ಅಲ್ಲ, ಕ್ಷೌರಿಕರು ಚೀಲವಿಲ್ಲದೆ ಎಲ್ಲಿಗೆ ಹೋಗುತ್ತಾರೆ? ಕತ್ತಿ, ಬ್ರಷ್ಷು, ಸೋಪನ್ನು ಜೇಬಿನಲ್ಲಿ ತುಂಬಿಕೊಳ್ಳಲಾಗುತ್ತದೆಯೇ? ಆದರೆ ಊರಿಗೆ ಊರೇ ಉರಿಯುತ್ತಿತ್ತು. ಆ ಸಿಟ್ಟಿಗೆ ಯಾರಾದರೂ ಒಬ್ಬರು ಬೇಕಿತ್ತು. ಇವರು ಸಿಕ್ಕಿದರು.

ಆ ನಿಲ್ದಾಣದ ಎದುರಿಗೇ ವೃದ್ಧಾಶ್ರಮ. ನಾನು ಹೋದದ್ದು ಹಾಸಿಗೆ ನೋಡಲು. ಅಲ್ಲಿ ಒಬ್ಬ ತಾತ, ಹಿಂದೆ ರೈಲು ಓಡಿಸುತ್ತಿದ್ದವರು, ನನ್ನ ಮುಂಗೈ ಹಿಡಿದುಕೊಂಡರು.

"ನೀವು ಸದನದವರಾ ಅಮ್ಮಾ? ಹಾಗಾದ್ರೆ ಕೇಳಿ. ಬಾಂಬು ಸಿಡಿದಾಗ ಆ ಕ್ಷೌರದವನ ಕತ್ತಿ ಇಲ್ಲಿತ್ತು —" ಹೀಗೆ, ಗಂಟಲ ಮೇಲೆ ಬೆರಳಿಟ್ಟು ತೋರಿಸಿದರು — "ಇಲ್ಲಿ. ಅರ್ಧ ಗಡ್ಡ ಆಗಿತ್ತು, ಅವನ ಚೀಲ ನನ್ನ ಕಾಲ ಹತ್ರಾನೇ ಇತ್ತು. ಕಿಟಕಿ ಗಾಜೆಲ್ಲ ಉದುರಿಹೋಯ್ತು, ಅವನ ಕೈ ಅಲ್ಲಾಡಲಿಲ್ಲ. ಅಲ್ಲಾಡಿದ್ರೆ ನಾನಿವತ್ತು ನಿಮ್ಮ ಹತ್ರ ಮಾತಾಡ್ತಿದ್ನಾ? ಬೆಳಿಗ್ಗೆ ಏನು ತಿಂದೆ ಅಂತ ಕೇಳಿ, ಮರ್ತೋಗಿದೆ. ಇದನ್ನ ಮರೀತೀನಾ?"

"ಪೊಲೀಸರಿಗೆ ಹೇಳಿದಿರಾ ತಾತಾ?"

"ಹೇಳ್ದೆ. 'ಆಯ್ತು ತಾತ, ಮಲಕ್ಕೊಳ್ಳಿ' ಅಂದ್ರು."

ಅಕ್ಕಪಕ್ಕದ ಹಾಸಿಗೆಯವರೂ ಅದನ್ನೇ ಹೇಳಿದರು. ಒಬ್ಬರ ಹೇಳಿಕೆಯನ್ನೂ ಬರೆದುಕೊಂಡಿರಲಿಲ್ಲ. ವಯಸ್ಸಾದವರು, ಅರಳುಮರಳು — ಮುಗಿಯಿತು.

ಆಗ ಪೊಲೀಸು ಖಾತೆಯೂ ಹಿರಿಯರ ಪಾಲನೆಯೂ ಪ್ರಧಾನಿಗಳ ಕೈಯಲ್ಲೇ ಇದ್ದವು. ಸದನದಲ್ಲಿ ಮೊದಲು ಬಾಂಬಿನ ತನಿಖೆಯ ಪ್ರಶ್ನೆ ಬಂತು. ಅವರು ಎದ್ದರು. "ಸ್ಥಳದ ಸುತ್ತಮುತ್ತಲಿನ ಎಲ್ಲ ಸಾಕ್ಷಿಗಳನ್ನೂ ವಿಚಾರಿಸಲಾಗಿದೆ, ಆರೋಪಿಯ ಮೇಲೆ ಬಲವಾದ ಪುರಾವೆ ಇದೆ" — ಒಂದೇ ಉಸಿರು. ದಪ್ಪೆಂದು ಕೂತರು. ಆಮೇಲೆ ನನ್ನ ಸರದಿ ಬಂತು, ಹಿರಿಯರ ಪಾಲನೆ. ನಾನು ಹಾಸಿಗೆಯ ಮಾತು ಎತ್ತಲಿಲ್ಲ.

"ಎಲ್ಲ ಸಾಕ್ಷಿಗಳನ್ನೂ ವಿಚಾರಿಸಿದ್ದೀರಂತೆ. ಎದುರಿನ ಆಶ್ರಮದ ತಾತಂದಿರು ಮನುಷ್ಯರ ಲೆಕ್ಕಕ್ಕೆ ಬರ್ತಾರೋ ಇಲ್ವೋ?"

ಗದ್ದಲವೋ ಗದ್ದಲ. "ಇದು ಪಾಲನೆಯ ಪ್ರಶ್ನೆ, ಬಾಂಬಿನದಲ್ಲ, ಕೂತ್ಕೊಳ್ಳಿ" ಅಂದರು ಸಭಾಧ್ಯಕ್ಷರು. "ಕೂರಲ್ಲ ಸ್ವಾಮಿ. ಪಾಲನೆ ಅಂದ್ರೆ ಊಟ, ಹಾಸಿಗೆ ಅಷ್ಟೇನಾ? ಅವರ ಮಾತು ಕೇಳೋದು ಪಾಲನೆ ಅಲ್ವಾ?" ಅಂದೆ. ಎಲ್ಲರೂ ಪ್ರಧಾನಿಗಳ ಕಡೆ ನೋಡಿದರು. ಅವರು ನನ್ನನ್ನು ನೋಡಿದರು. ನೋಡಿ — ಏನಂದರು ಹೇಳಿ?

ಹೌದು. ಅದನ್ನೇ ಅಂದರು.

ನನಗೆ ಮೈಯೆಲ್ಲ ಉರಿಯಿತು. ಒಂದು ಜೀವ ಜೈಲಿನಲ್ಲಿ ಕೊಳೆಯುತ್ತಿದೆ, ಈ ಮಹಾರಾಯರು ನೋಡೋಣ ಅನ್ನುತ್ತಾರೆ! ಮನೆಗೆ ಹೋಗಿ ನನ್ನ ಸೊಸೆಯ ಮುಂದೆ ಅವರಿಗೆ ಇಟ್ಟ ಹೆಸರುಗಳನ್ನು ಇಲ್ಲಿ ಹೇಳುವಂತಿಲ್ಲ.

ಅವರು ಆ ಸಂಜೆಯೇ ನೋಡಲು ಹೋಗಿದ್ದರು. ಬೆಂಗಾವಲಿಲ್ಲ, ಅಧಿಕಾರಿಗಳಿಲ್ಲ. ರೈಲಿನ ತಾತ ಆಮೇಲೆ ನನಗೆ ಹೇಳಿದರು — "ಕೋಟು ಹಾಕ್ಕೊಂಡು ಯಾರೋ ಬಂದ್ರಮ್ಮ. ಹೊಸ ಡಾಕ್ಟ್ರು ಅನ್ಕೊಂಡು ನಾಲಗೆ ಚಾಚಿದೆ. ಪಾಪ, ಅಂಥ ದೊಡ್ಡ ಮನುಷ್ಯ, ಬೇಡ ಅನ್ನದೆ ನಾಲಗೇನೂ ನೋಡಿದ್ರು. ಆಮೇಲೆ 'ಕತ್ತಿ ಎಲ್ಲಿತ್ತು ತೋರ್ಸಿ' ಅಂದ್ರು." ಪ್ರತಿ ಹಾಸಿಗೆಯ ಬಳಿಯೂ ಕೂತರಂತೆ. ಕಿವಿ ಕೇಳದವರ ಕಿವಿಗೆ ಬಾಯಿಟ್ಟು ಕೇಳಿದರಂತೆ.

ಮರುದಿನ ಸದನ ಸೇರಿದ ಕೂಡಲೇ ಎದ್ದು ನಿಂತರು. ಕೈಯಲ್ಲಿ ಕಾಗದವಿರಲಿಲ್ಲ. ಚುನಾವಣೆ ಹೊಸ್ತಿಲಲ್ಲಿತ್ತು. ಏನೋ ಎಡವಟ್ಟಾಗುತ್ತದೆ ಅಂತ ಪಕ್ಕದ ಮಂತ್ರಿಗಳು ಅವರ ಕೋಟು ಹಿಡಿದು ಎಳೆದರು. ಎಳೆಯಿರಪ್ಪಾ ಅನ್ನುವಂತೆ ಬಿಟ್ಟು, ಮಾತು ಶುರು ಮಾಡಿದರು.

"ನಿನ್ನೆ ನಾನು ಈ ಸದನಕ್ಕೆ ಕೊಟ್ಟ ಉತ್ತರ ಸುಳ್ಳು. ಎಲ್ಲ ಸಾಕ್ಷಿಗಳನ್ನೂ ವಿಚಾರಿಸಿಲ್ಲ. ಬರೆದವರು ಬೇರೆ ಅಂತ ನಾನು ತಪ್ಪಿಸಿಕೊಳ್ಳೋದಿಲ್ಲ. ಓದಿದ ಬಾಯಿ ನನ್ನದು."

ನಮ್ಮ ಕಡೆಯಿಂದ ಯಾರೋ ಕೂಗಿದರು, "ಹಾಗಾದ್ರೆ ಬಾಂಬಿಟ್ಟವರು ಯಾರ್ರೀ?"

"ಗೊತ್ತಿಲ್ಲ" ಅಂದರು.

ಗೊತ್ತಿಲ್ಲ — ಇಷ್ಟು ವರ್ಷ ಆ ಸದನದಲ್ಲಿ ಕೂತಿದ್ದೇನೆ, ಆ ಜಾಗದಲ್ಲಿ ನಿಂತವರ ಬಾಯಲ್ಲಿ ಆ ಮಾತನ್ನು ಅದಕ್ಕೆ ಮುಂಚೆಯೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ತಾತಂದಿರ ಹೇಳಿಕೆ ದಾಖಲಾಯಿತು, ಕ್ಷೌರಿಕರು ಹೊರಗೆ ಬಂದರು. ಚುನಾವಣೆಯಲ್ಲಿ ಪ್ರಧಾನಿಗಳು ಸೋತರು. "ಬಾಂಬಿನವನನ್ನ ಬಿಡಿಸಿದ" ಅಂತ ಗೋಡೆಗೋಡೆಯ ಮೇಲೆ ಬರೆದರು. ಸತ್ತವರ ಮನೆಗಳಿಗೆ ಇವರೇ ಹೋಗಿ "ಇನ್ನೂ ಗೊತ್ತಾಗಿಲ್ಲ, ಕ್ಷಮಿಸಿ" ಅಂದಾಗ ಕೆಲವರು ಬಾಗಿಲು ಹಾಕಿಕೊಂಡರು. ಅವರನ್ನು ನಾನು ತಪ್ಪು ಅನ್ನುವುದಿಲ್ಲ. ಇವರೂ ಅನ್ನಲಿಲ್ಲ.

ಒಂದು ದಿನ ನಾನು ಪೇಟೆಬೀದಿಯಲ್ಲಿ ಬರುತ್ತಿದ್ದೆ. ಆ ಕ್ಷೌರಿಕರ ಅಂಗಡಿ ಅಲ್ಲೇ. ಬಿಡುಗಡೆಯಾಗಿ ಬಂದು ಬಾಗಿಲು ತೆರೆದಿದ್ದರು, ಆದರೆ ಒಳಗೆ ಕಾಲಿಡುವವರು ಯಾರು? ನೋಡುತ್ತೇನೆ — ನಮ್ಮ ನೋಡೋಣಪ್ಪ! ಕುರ್ಚಿಯನ್ನು ಬೀದಿಗೆ ಮುಖ ಮಾಡಿಸಿ, ಗಂಟಲು ಮೇಲೆತ್ತಿ, ಕಣ್ಣು ಮುಚ್ಚಿ ಕೂತಿದ್ದಾರೆ. ಗಂಟಲ ಮೇಲೆ ಕತ್ತಿ. ಹೋಗಿ ಬರುವವರೆಲ್ಲ ನಿಂತು ನೋಡುತ್ತಿದ್ದಾರೆ.

"ಏನ್ರೀ ಇದು?" ಅಂದೆ. "ನಿನ್ನೆ ತಾನೇ ಗಡ್ಡ ತೆಗೆಸಿದ್ರಂತೆ. ಇವತ್ತು ಚರ್ಮ ತೆಗೆಸ್ತಿದ್ದೀರಾ?"

ಕಣ್ಣು ಬಿಡಲಿಲ್ಲ. ತುಟಿ ಮಾತ್ರ ಅಲ್ಲಾಡಿಸಿದರು. "ಅಕ್ಕಾ, ಬೆಳಕಿಗೆ ಅಡ್ಡ ನಿಂತಿದ್ದೀರಿ. ಜನಕ್ಕೆ ಕಾಣಲಿ."

ನಾನು ಪಕ್ಕಕ್ಕೆ ಸರಿದೆ. ಮರುದಿನ ನನ್ನ ಗಂಡುಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು, ಎಲ್ಲರನ್ನೂ ಕರೆದೊಯ್ದು ಆ ಅಂಗಡಿಯ ಮುಂದೆ ಸಾಲಾಗಿ ನಿಲ್ಲಿಸಿದೆ. ದೊಡ್ಡ ಅಳಿಯ "ಅತ್ತೆ, ನನ್ನ ತಲೇಲಿ ಕೂದಲೇ ಇಲ್ವಲ್ಲ" ಅಂದ. "ಹಾಗಾದ್ರೆ ಬೇಗ ಮುಗಿಯುತ್ತೆ, ನಿಂತ್ಕೋ" ಅಂದೆ.

ಇವತ್ತು ಈ ಸಭೆಗೆ ಮೆಟ್ಟಿಲು ಹತ್ತುವಾಗ ಇಬ್ಬರು ಪಿಸುಗುಡುತ್ತಿದ್ದರು — "ಅವನೇ ಅಲ್ವಾ? ಆ ಬಾಂಬಿನವನು? ಇಲ್ಲಿಗೂ ಬಂದಿದ್ದಾನಲ್ಲ." ನನ್ನ ಕಿವಿ ಇನ್ನೂ ಗಟ್ಟಿಯಾಗಿದೆ. ಯಾರಂದದ್ದು ಅಂತಲೂ ನೋಡಿದ್ದೇನೆ, ಹೆಸರು ಹೇಳುವುದಿಲ್ಲ. ಬಾಂಬಿಟ್ಟವರು ಇವತ್ತಿಗೂ ಸಿಕ್ಕಿಲ್ಲ, ಅದಕ್ಕೇ ಈ ಮಾತೂ ಸತ್ತಿಲ್ಲ. ಸಿಗುವವರೆಗೆ ಇದನ್ನು ಹೊತ್ತು ತಿರುಗಬೇಕಾದವರು ಆ ಮನುಷ್ಯ. ಇಷ್ಟು ದಿನ ಪಕ್ಕದಲ್ಲಿ ಕೂರಲು ಒಬ್ಬರಿದ್ದರು. ಈಗ ಅವರಿಲ್ಲ.

ಅಯ್ಯಾ, ಹಿಂದೆ ಗೋಡೆಗೆ ಒರಗಿ ನಿಂತಿದ್ದೀರಲ್ಲ — ಬನ್ನಿ. ನಿಮ್ಮನ್ನೇ ಕರೀತಿರೋದು. ಆಸ್ಪತ್ರೆಯಲ್ಲಿ ಕೊನೆಕೊನೆಗೆ ಅವರ ಮುಖ ಒರೆಸಿ ಗಡ್ಡ ತೆಗೆದವರು ಇವರು. ಅಲ್ಲಿ ಯಾಕೆ ನಿಲ್ಲಬೇಕು? ಬನ್ನಿ, ದಾರಿ ಬಿಡ್ತಾರೆ. ದಾರಿ ಬಿಡಿ ಸ್ವಲ್ಪ. ತಂಗೀ, ಒಂದು ಚೂರು ಆ ಕಡೆ ಸರಿಯಮ್ಮ. — ಹಾಂ. ಅಲ್ಲೇ. ಮನೆಯವರ ಜೊತೆ.

ಈಗ ಎಲ್ಲರೂ ಏಳಿ. ಮೊಣಕಾಲು ನೋಯುವವರು ಕೂತೇ ಇರಿ, ಅವರು ಖಂಡಿತ ಏನೂ ಅಂದುಕೊಳ್ಳುವುದಿಲ್ಲ. ಪ್ರಾರ್ಥನೆ ಮಾಡುವವರು ಮಾಡಿ, ಮಾಡದವರು ಸುಮ್ಮನೆ ಅವರನ್ನು ನೆನೆಯಿರಿ. ಅಯ್ಯಾ, ನೀವು ತಲೆ ತಗ್ಗಿಸಬೇಕಾಗಿಲ್ಲ. ನಾವು ತಗ್ಗಿಸುತ್ತೇವೆ.